ತೊಂಬತ್ತೊಂಬತ್ತು ಪಂದ್ಯಗಳ ನಾಯಕಿ

ಫುಟ್‌ಬಾಲ್ ಆಟದಲ್ಲಿ ಗೋಲು ಹೊಡೆದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗೋಲು ತಡೆದವರ ಭಾವಚಿತ್ರವೂ ಆಗಾಗ ಪ್ರಕಟವಾಗುವುದುಂಟು. ಇವರಿಬ್ಬರ ನಡುವೆ, ಮೈದಾನದ ಮಧ್ಯಭಾಗದಲ್ಲಿ ನಿಂತು, ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒಪ್ಪಿಸುವ ಆಟಗಾರರ ಶ್ರಮವು ಮಾತ್ರ ಬಹುಮಟ್ಟಿಗೆ ಯಾವ ಪಟ್ಟಿಗೂ ಸೇರುವುದಿಲ್ಲ. ಪಂದ್ಯದ ಉದ್ದಕ್ಕೂ ಅತಿ ಹೆಚ್ಚು ಓಡುವವರು ಸಾಮಾನ್ಯವಾಗಿ ಇವರೇ. ನೆದರ್ಲೆಂಡ್ಸ್ ದೇಶದ ಸರೀನಾ ವೀಗ್ಮನ್ ಹದಿನಾಲ್ಕು ವರ್ಷ ತಮ್ಮ ದೇಶಕ್ಕಾಗಿ ಇಂಥ ಆಟವನ್ನಾಡಿದರು. ಆ ಅವಧಿಯಲ್ಲಿ ಅವರು ಹೊಡೆದ ಗೋಲುಗಳು ಕೇವಲ 3. ತರಬೇತುದಾರರಾಗಿ ಇಂದು ಅವರು ಲೋಕಪ್ರಸಿದ್ಧರು. ಆದರೆ ವಿಚಾರಕ್ಕೆ ಹೆಚ್ಚು ಅರ್ಹವಾದದ್ದು ಅವರ ಜೀವನದ ಮೊದಲ ಭಾಗವೇ, ಅಂದರೆ ಕೀರ್ತಿಯೂ ಹಣವೂ ಇಲ್ಲದೆ ಆಡಿದ ಕಾಲ.

ವೀಗ್ಮನ್ ಅವರು 1969ರ ಅಕ್ಟೋಬರ್ 26ರಂದು ಹೇಗ್ ನಗರದಲ್ಲಿ ಜನಿಸಿದರು. ಅವರಿಗೆ ಅವಳಿ ಸಹೋದರನೊಬ್ಬನಿದ್ದ. ಅವನು ಬೀದಿಯಲ್ಲಿ ಚೆಂಡಾಡಲು ಹೊರಟಾಗ ಇವರೂ ಹೊರಟರು; ಅವನು ಸಮೀಪದ ವಾಸೆನಾರ್ ಊರಿನ ಎಸ್ಡೋ ಕ್ಲಬ್ಬಿಗೆ ಸೇರಿದಾಗ ಇವರೂ ಸೇರಿದರು. ಹುಡುಗರ ತಂಡದಲ್ಲಿ ಹುಡುಗಿಯು ಆಡಲು ಆಗ ನಿಯಮದ ಒಪ್ಪಿಗೆಯಿರಲಿಲ್ಲ. ಆದ್ದರಿಂದ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು ಹುಡುಗನಂತೆ ಕಾಣುತ್ತ ಆಡಿದರು. ಮನೆಯವರು ತಡೆಯಲಿಲ್ಲ, ಕ್ಲಬ್ಬಿನವರೂ ಆಕ್ಷೇಪಿಸಲಿಲ್ಲ. ಪುಸ್ತಕದಲ್ಲಿರುವ ನಿಯಮವು ಅನ್ಯಾಯದ್ದೆಂದು ಸುತ್ತಲಿನ ಸಾಮಾನ್ಯ ಜನರಿಗೆ ತಾನಾಗಿಯೇ ತೋರಿದಾಗ, ಅದು ರದ್ದಾಗುವ ಮೊದಲೇ ಬಲಹೀನವಾಗಿರುತ್ತದೆ.

ಆ ನಿಯಮದ ಹಿಂದೆ ದೀರ್ಘ ಇತಿಹಾಸವಿತ್ತು. 1896ರಷ್ಟು ಹಿಂದೆಯೇ ರಾಟರ್ಡ್ಯಾಮಿನ ಸ್ಪಾರ್ಟಾ ಕ್ಲಬ್ಬು ಇಂಗ್ಲೆಂಡಿನ ಮಹಿಳಾ ತಂಡವೊಂದರೊಡನೆ ಪಂದ್ಯ ಏರ್ಪಡಿಸಲು ಹೊರಟಾಗ ಡಚ್ ಒಕ್ಕೂಟವು ನಿಷೇಧಿಸಿತ್ತು. 1955ರಲ್ಲಿ ಮಹಿಳೆಯರು ತಮ್ಮದೇ ಸಂಘ ಕಟ್ಟಿಕೊಂಡಾಗ, ಸದಸ್ಯ ಕ್ಲಬ್ಬುಗಳು ಅವರಿಗೆ ಮೈದಾನವನ್ನು ಕೊಡಬಾರದೆಂದು ಅದೇ ಒಕ್ಕೂಟವು ಅಪ್ಪಣೆ ಮಾಡಿತು. 1971ರಲ್ಲಿ ಮಾತ್ರ ಮಹಿಳೆಯರ ಆಟಕ್ಕೆ ಮಾನ್ಯತೆ ದೊರೆಯಿತು. ಆ ವರ್ಷದ ಏಪ್ರಿಲ್ 17ರಂದು ಫ್ರಾನ್ಸಿನ ಅಜ್‌ಬ್ರೂಕ್ ಎಂಬಲ್ಲಿ ಡಚ್ ಮಹಿಳೆಯರು ಫ್ರಾನ್ಸಿನೊಡನೆ ಆಡಿ 4–0ರಿಂದ ಸೋತರು. ಫಿಫಾ ಸಂಸ್ಥೆಯು ಮಹಿಳೆಯರ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೆಂದು ಗಣಿಸಿರುವುದು ಇದನ್ನೇ. ವೀಗ್ಮನ್ ಅವರಿಗೆ ಆಗ ಎರಡು ವರ್ಷ ತುಂಬಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ, 1987ರಲ್ಲಿ, ಅವರು ರಾಷ್ಟ್ರೀಯ ತಂಡವನ್ನು ಸೇರಿದರು. ಮರುವರ್ಷ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಫಿಫಾ ಹನ್ನೆರಡು ದೇಶಗಳ ಮಹಿಳಾ ಪಂದ್ಯಾವಳಿಯೊಂದನ್ನು ಪರೀಕ್ಷಾರ್ಥವಾಗಿ ನಡೆಸಿತು. ಮಹಿಳೆಯರಿಗೂ ವಿಶ್ವಕಪ್ ಏರ್ಪಡಿಸಬಹುದೇ ಎಂಬುದನ್ನು ನೋಡಲು ನಡೆದ ಪಂದ್ಯಾವಳಿಯದು. ನೆದರ್ಲೆಂಡ್ಸ್ ತಂಡವೂ ಹೋಗಿತ್ತು. ಅಲ್ಲಿ ಇವರ ಆಟವನ್ನು ಕಂಡ ಅಮೆರಿಕದ ತರಬೇತುದಾರ ಆನ್ಸನ್ ಡೊರಾನ್ಸ್ ಅವರು ತಮ್ಮ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಆಹ್ವಾನಿಸಿದರು. 1989ರಲ್ಲಿ ವೀಗ್ಮನ್ ಅಲ್ಲಿಗೆ ಹೋಗಿ, ಮುಂದೆ ಜಗತ್ಪ್ರಸಿದ್ಧರಾದ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲಿ ಮುಂತಾದವರ ಜೊತೆಯಲ್ಲಿ ಆಡಿ, ಆ ವರ್ಷದ ರಾಷ್ಟ್ರೀಯ ವಿಶ್ವವಿದ್ಯಾಲಯ ಚಾಂಪಿಯನ್ ತಂಡದ ಸದಸ್ಯೆಯಾದರು.

ಒಂದು ವರ್ಷದ ಈ ವಾಸವು ಅವರ ಕಣ್ಣು ತೆರೆಸಿತು. ಅಮೆರಿಕದಲ್ಲಿ ಕಾಲೇಜು ಹುಡುಗಿಯರಿಗೆ ಒಳ್ಳೆಯ ಮೈದಾನ, ನುರಿತ ತರಬೇತುದಾರರು, ದಿನನಿತ್ಯದ ಅಭ್ಯಾಸ, ಎಲ್ಲವೂ ಇದ್ದವು. ಅಲ್ಲಿ ಆಡುವ ಹೆಣ್ಣುಮಗಳನ್ನು ಕಂಡು ಯಾರೂ ಹುಬ್ಬೇರಿಸುತ್ತಿರಲಿಲ್ಲ. ಊರಿಗೆ ಮರಳಿದಾಗ ಇದಾವುದೂ ಇರಲಿಲ್ಲ. ಒಳ್ಳೆಯದನ್ನು ಕಣ್ಣಾರೆ ಕಂಡು ಬಂದವರಿಗೆ ಸಾಮಾನ್ಯವಾಗಿ ಎರಡು ದಾರಿಗಳು ತೋರುತ್ತವೆ: ಕಂಡಲ್ಲಿಗೇ ಹೋಗಿ ನೆಲೆಸುವುದು, ಇಲ್ಲವೇ ಇಲ್ಲಿ ಏನೂ ಇಲ್ಲವೆಂದು ದೂರುತ್ತ ಕೂರುವುದು. ವೀಗ್ಮನ್ ಇವೆರಡನ್ನೂ ಬಿಟ್ಟರು. ಶಾರೀರಿಕ ಶಿಕ್ಷಣದ ತರಬೇತಿ ಪಡೆದು, ಹೇಗ್ ನಗರದ ಸೆಗ್‌ಬ್ರೂಕ್ ಶಾಲೆಯಲ್ಲಿ ಅಧ್ಯಾಪಕಿಯಾದರು. ಜೀವನೋಪಾಯ ಶಾಲೆಯಿಂದ ನಡೆಯಿತು. ಕೆಲಸ ಮುಗಿದ ಮೇಲಿನ ವೇಳೆ ಆಟಕ್ಕೆ ಮೀಸಲಾಯಿತು. ಅಂದಿನ ಡಚ್ ಮಹಿಳಾ ಫುಟ್‌ಬಾಲ್ ಪೂರ್ಣವಾಗಿ ಹವ್ಯಾಸಿ ಆಟವಾಗಿತ್ತು. ಅದನ್ನೇ ನಂಬಿ ಬದುಕುವ ಮಾತೇ ಇರಲಿಲ್ಲ.

1994ರಲ್ಲಿ ಅವರು ಸಾಸೆನ್‌ಹೈಮ್ ಎಂಬ ಊರಿನ ಟೆರ್ ಲೇಡೆ ಕ್ಲಬ್ಬನ್ನು ಸೇರಿ, ಒಂಬತ್ತು ವರ್ಷ ಅಲ್ಲಿಯೇ ಆಡಿದರು. 2001 ಮತ್ತು 2003ರಲ್ಲಿ ಆ ಕ್ಲಬ್ಬು ದೇಶದ ಚಾಂಪಿಯನ್ ಆಯಿತು. ಮೊದಮೊದಲು ಮಧ್ಯಭಾಗದಲ್ಲಿ ಆಡುತ್ತಿದ್ದ ಅವರು ಕ್ರಮೇಣ ರಕ್ಷಣಾ ಸಾಲಿಗೆ ಸರಿದರು. ರಾಷ್ಟ್ರೀಯ ತಂಡದ ನಾಯಕತ್ವವೂ ಅವರಿಗೆ ಬಂದಿತು. ಆದರೆ ಅವರು ಆಡಿದಷ್ಟು ಕಾಲವೂ ನೆದರ್ಲೆಂಡ್ಸ್ ಮಹಿಳಾ ತಂಡ ಒಂದು ಬಾರಿಯೂ ವಿಶ್ವಕಪ್ಪಿನ ಅಥವಾ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಅಂತಿಮ ಸುತ್ತಿಗೆ ಅರ್ಹತೆ ಪಡೆಯಲಿಲ್ಲ. ಆ ದೇಶದ ಮಹಿಳೆಯರು ಇಂಥ ಪಂದ್ಯಾವಳಿಗೆ ಮೊದಲು ಕಾಲಿಟ್ಟದ್ದು 2009ರಲ್ಲಿ, ಫಿನ್ಲೆಂಡಿನಲ್ಲಿ. ವೀಗ್ಮನ್ ಆಟ ನಿಲ್ಲಿಸಿ ಆರು ವರ್ಷ ಕಳೆದ ಮೇಲೆ. ಅರ್ಹತಾ ಪಂದ್ಯ ಆಡುವುದು, ಸೋಲುವುದು, ಸೋಮವಾರ ಶಾಲೆಗೆ ಹೋಗಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವುದು, ಮತ್ತೆ ಮುಂದಿನ ಅರ್ಹತಾ ಪಂದ್ಯಕ್ಕೆ ಸಿದ್ಧವಾಗುವುದು: ಇದು ಹದಿನಾಲ್ಕು ವರ್ಷ ನಡೆಯಿತು. ಫಲವನ್ನು ನೋಡದೆ ಕರ್ತವ್ಯ ಮಾಡಬೇಕೆಂದು ಉಪನ್ಯಾಸದಲ್ಲಿ ಹೇಳುವುದು ಸುಲಭ. ಪ್ರಾಯದ ಹದಿನಾಲ್ಕು ವರ್ಷಗಳನ್ನು ಹಾಗೆ ಕಳೆಯುವುದು ಬೇರೆಯೇ ಮಾತು.

ಇನ್ನು ಲೆಕ್ಕದ ವಿಷಯ. 2001ರಲ್ಲಿ ಡೆನ್ಮಾರ್ಕ್ ವಿರುದ್ಧದ ಪಂದ್ಯದ ಸಂದರ್ಭದಲ್ಲಿ ವೀಗ್ಮನ್ ಅವರಿಗೆ ಸನ್ಮಾನ ನಡೆಯಿತು. ರಾಷ್ಟ್ರೀಯ ತಂಡದ ಪರವಾಗಿ ನೂರು ಪಂದ್ಯಗಳನ್ನಾಡಿದ ಮೊದಲ ಡಚ್ ಮಹಿಳೆ ಅವರೆಂದು ಘೋಷಿಸಲಾಯಿತು. ಅವರು ನಿವೃತ್ತರಾದಾಗ ಒಟ್ಟು ಸಂಖ್ಯೆ 104 ಎಂದು ದಾಖಲಾಗಿತ್ತು. ಮುಂದೆ ಹಳೆಯ ದಾಖಲೆಗಳನ್ನು ಪರಿಶೀಲಿಸಿದಾಗ, ಆ ಪಂದ್ಯಗಳಲ್ಲಿ ಕೆಲವು ಫಿಫಾದ ಸದಸ್ಯ ದೇಶಗಳಲ್ಲದ ಎದುರಾಳಿಗಳ ವಿರುದ್ಧ ಆಡಿದವೆಂದು ಕಂಡುಬಂತು. ಅವುಗಳನ್ನು ಕಳೆದರೆ ಉಳಿದದ್ದು 99. ಇಂದು ದಾಖಲೆಯಲ್ಲಿರುವ ಸಂಖ್ಯೆ ಅದೇ.

ಈ ಪತ್ರಿಕೆಯ ವಾಚಕರಲ್ಲಿ ಅಂಗಡಿಯ ಕಿರ್ದಿಯನ್ನೋ ಟ್ರಸ್ಟಿನ ಜಮಾಖರ್ಚನ್ನೋ ಬರೆದವರು ಅನೇಕರಿದ್ದಾರೆ. ಮುಗಿದ ವರ್ಷದ ಲೆಕ್ಕದಲ್ಲಿ ದೋಷ ಕಂಡಾಗ ಅದನ್ನು ತಿದ್ದಲೇಬೇಕು. ಸಮಾರಂಭ ಮುಗಿದಿದೆ, ಹಾರ ಹಾಕಿಯಾಗಿದೆ, ಈಗೇಕೆ ಎಂದು ಬಿಟ್ಟರೆ ಆ ಪುಸ್ತಕದ ಉಳಿದ ಅಂಕಿಗಳಿಗೂ ಬೆಲೆಯಿರುವುದಿಲ್ಲ. ಆದ್ದರಿಂದ ತಿದ್ದುಪಡಿ ಸರಿಯಾದುದೇ. ಆದರೆ ಆ ಐದು ಪಂದ್ಯಗಳ ದಿನ ವೀಗ್ಮನ್ ಕಡಮೆ ಓಡಿದರೇ? ದೇಶದ ಅಂಗಿಯನ್ನು ತೊಡಲಿಲ್ಲವೇ? ಲೆಕ್ಕದ ಪುಸ್ತಕವು ಎಣಿಸಬಹುದಾದುದನ್ನು ಮಾತ್ರ ಎಣಿಸುತ್ತದೆ. ಅದರ ಸತ್ಯವೂ ಮಿತಿಯೂ ಅಷ್ಟೇ. 104 ಎಂಬುದು ಅವರ ಶ್ರಮ, 99 ಎಂಬುದು ಅವರ ದಾಖಲೆ. ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು. ನಮ್ಮ ಎಷ್ಟೋ ಸಂಸ್ಥೆಗಳಲ್ಲಿ ಶಿಲಾಫಲಕದ ಮೇಲಿನ ದಾನಿಗಳ ಪಟ್ಟಿ ಮೊದಲನೆಯದನ್ನು ಹೇಳುವುದಿಲ್ಲ. ಕೆಲವೊಮ್ಮೆ ಎರಡನೆಯದನ್ನೂ ಸರಿಯಾಗಿ ಹೇಳುವುದಿಲ್ಲ.

2003ರಲ್ಲಿ, ಎರಡನೆಯ ಮಗಳ ನಿರೀಕ್ಷೆಯಲ್ಲಿದ್ದಾಗ, ವೀಗ್ಮನ್ ಆಟದಿಂದ ನಿವೃತ್ತರಾದರು. ಮುಂದಿನ ಕಥೆ ಲೋಕಕ್ಕೆ ಗೊತ್ತಿರುವುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಮೊದಲು ಟೆರ್ ಲೇಡೆಯಲ್ಲಿ, ಅನಂತರ 2007ರಿಂದ ಹೇಗ್ ನಗರದ ಆಡೋ ಕ್ಲಬ್ಬಿನಲ್ಲಿ ತರಬೇತುದಾರರಾದರು. ಆ ವರ್ಷವೇ ದೇಶದಲ್ಲಿ ಮಹಿಳೆಯರ ಉನ್ನತ ಲೀಗ್ ಆರಂಭವಾಗಿತ್ತು. ಅದರ ಸ್ಥಿತಿ ಭದ್ರವಾಗಿರಲಿಲ್ಲ. ಮೊದಲ ಮೂರು ವರ್ಷ ಸತತವಾಗಿ ಪ್ರಶಸ್ತಿ ಗೆದ್ದ ಆಲ್ಕ್‌ಮಾರ್ ನಗರದ ಎಜ಼ೆಡ್ ಕ್ಲಬ್ಬು 2011ರಲ್ಲಿ ತನ್ನ ಮಹಿಳಾ ತಂಡವನ್ನೇ ಮುಚ್ಚಿಬಿಟ್ಟಿತು. ಗೆದ್ದರೂ ಉಳಿಯದ ತಂಡ! ವ್ಯಾಪಾರದಲ್ಲಿ ಇಂಥ ನಿರ್ಧಾರಗಳಿಗೆ ‘ವೆಚ್ಚ ಕಡಿತ’ ಎಂಬ ಶುದ್ಧವಾದ ಹೆಸರಿದೆ. ಮೊದಲು ಯಾವ ವೆಚ್ಚಕ್ಕೆ ಕತ್ತರಿ ಬೀಳುತ್ತದೆ ಎಂಬುದರಲ್ಲಿ ಮಾಲೀಕನ ಮನಸ್ಸು ತಿಳಿಯುತ್ತದೆ. ಮರುವರ್ಷ, 2012ರಲ್ಲಿ, ವೀಗ್ಮನ್ ಅವರ ತಂಡ ಲೀಗ್ ಹಾಗೂ ಕಪ್ ಎರಡನ್ನೂ ಗೆದ್ದಿತು.

2017ರ ಜನವರಿಯಲ್ಲಿ ಅವರು ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಯುರೋಪಿಯನ್ ಚಾಂಪಿಯನ್‌ಷಿಪ್ ಆ ಬೇಸಗೆಯಲ್ಲಿ ಅವರ ದೇಶದಲ್ಲಿಯೇ ನಡೆಯುವುದಿತ್ತು. ಸಿದ್ಧತೆಗೆ ಉಳಿದದ್ದು ಆರು ತಿಂಗಳು. ಆಗಸ್ಟ್ 6ರಂದು ಎನ್‌ಸ್ಖೆಡೆ ನಗರದಲ್ಲಿ 28,182 ಜನರ ಮುಂದೆ ಡಚ್ ಮಹಿಳೆಯರು ಡೆನ್ಮಾರ್ಕನ್ನು 4–2ರಿಂದ ಸೋಲಿಸಿದರು. ಆರಕ್ಕೆ ಆರೂ ಪಂದ್ಯಗಳನ್ನು ಗೆದ್ದರು. ತಾವು ಆಟಗಾರ್ತಿಯಾಗಿ ಒಮ್ಮೆಯೂ ಪ್ರವೇಶಿಸಲಾಗದ ಪಂದ್ಯಾವಳಿಯನ್ನು ಅವರು ಮೊದಲ ಪ್ರವೇಶದಲ್ಲಿಯೇ ತರಬೇತುದಾರರಾಗಿ ಗೆದ್ದುಕೊಟ್ಟರು. ಅದೇ ವರ್ಷ ಮಹಿಳಾ ತಂಡದ ಅಂಗಿಯ ಮೇಲಿನ ಸಿಂಹದ ಲಾಂಛನವು ಸಿಂಹಿಣಿಯಾಯಿತು. 2019ರಲ್ಲಿ ತಂಡ ವಿಶ್ವಕಪ್ಪಿನ ಫೈನಲ್ ತಲುಪಿತು. ಜ಼ೈಸ್ಟ್ ಊರಿನಲ್ಲಿರುವ ಒಕ್ಕೂಟದ ತೋಟದಲ್ಲಿ ವೀಗ್ಮನ್ ಅವರ ಕಂಚಿನ ಪ್ರತಿಮೆಯೂ ನಿಂತಿತು. ಅಲ್ಲಿ ಅಂಥ ಗೌರವ ಪಡೆದ ಮೊದಲ ಮಹಿಳೆ ಅವರು. ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳಿಗೆ ಸಮಾನ ಸಂಭಾವನೆ ಜಾರಿಗೆ ಬಂದದ್ದು ಮಾತ್ರ 2022ರ ಜುಲೈನಲ್ಲಿ. ಕಂಚು ಹಣಕ್ಕಿಂತ ಬೇಗ ಬಂದಿತು.

ಅಷ್ಟರಲ್ಲಿ ಅವರು ಇಂಗ್ಲೆಂಡ್ ತಂಡದ ಹೊಣೆಯನ್ನು ಒಪ್ಪಿಕೊಂಡಿದ್ದರು. ಆ ದೇಶದ ಚರಿತ್ರೆಯೂ ಇಂಥದೇ. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲಿನಲ್ಲಿ ನಡೆದ ಮಹಿಳೆಯರ ಪಂದ್ಯವೊಂದಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಸಂಸ್ಥೆ ಮಹಿಳೆಯರಿಗೆ ತನ್ನ ಮೈದಾನಗಳ ಬಾಗಿಲು ಮುಚ್ಚಿ, ಸುಮಾರು ಅರ್ಧ ಶತಮಾನ ತೆರೆಯಲಿಲ್ಲ. 2022ರ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಜನರ ಎದುರು ವೀಗ್ಮನ್ ಅವರ ತಂಡ ಜರ್ಮನಿಯನ್ನು 2–1ರಿಂದ ಸೋಲಿಸಿತು. ಆ ಪಂದ್ಯಾವಳಿಯ ಆರೂ ಪಂದ್ಯಗಳನ್ನು ಅವರು ಅದೇ ಹನ್ನೊಂದು ಮಂದಿಯಿಂದ ಆರಂಭಿಸಿದ್ದರು. ಹಾಗಿದ್ದೂ ಫೈನಲ್‌ನ ಎರಡು ಗೋಲುಗಳನ್ನು ಹೊಡೆದವರು ಬದಲಿ ಆಟಗಾರ್ತಿಯರಾದ ಎಲಾ ಟೂನ್ ಮತ್ತು ಕ್ಲೋಯಿ ಕೆಲಿ. ಹೊರಗೆ ಕುಳಿತವರು ಕಹಿಯಾಗದಂತೆ ನೋಡಿಕೊಳ್ಳುವುದು ಎಂಥ ಕೆಲಸವೆಂಬುದನ್ನು ಅವಿಭಕ್ತ ಕುಟುಂಬ ನಡೆಸಿದವರು ಬಲ್ಲರು. ಪಂದ್ಯ ಮುಗಿದಾಗ ವೀಗ್ಮನ್ ತಮ್ಮ ಕೈಯ ಬಳೆಯೊಂದನ್ನು ಚುಂಬಿಸಿದರು. ಪಂದ್ಯಾವಳಿಗೆ ಕೆಲವು ವಾರ ಮೊದಲು ತೀರಿಕೊಂಡ ಅವರ ಸೋದರಿಯ ಬಳೆಯದು.

2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ವಿಶ್ವಕಪ್ ಫೈನಲ್ ನಡೆದಾಗ ಇಂಗ್ಲೆಂಡ್ ತಂಡ ಸ್ಪೇನಿಗೆ 1–0ರಿಂದ ಸೋತಿತು. 2025ರ ಜುಲೈ 27ರಂದು ಬಾಸೆಲ್ ನಗರದಲ್ಲಿ ಅದೇ ಸ್ಪೇನನ್ನು ಪೆನಾಲ್ಟಿಗಳಲ್ಲಿ ಮಣಿಸಿ ಯುರೋಪಿಯನ್ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಆದರೆ ಈ ಎರಡು ಪಂದ್ಯಗಳ ನಡುವೆ ನಡೆದ ಒಂದು ಪ್ರಸಂಗವು ಎರಡೂ ಫಲಿತಾಂಶಗಳಿಗಿಂತ ಹೆಚ್ಚು ಸ್ಮರಣೀಯ. ಸಿಡ್ನಿಯಲ್ಲಿ ಪದಕ ಪ್ರದಾನದ ವೇಳೆ ಸ್ಪೇನ್ ಒಕ್ಕೂಟದ ಅಧ್ಯಕ್ಷರು ತಮ್ಮದೇ ದೇಶದ ಆಟಗಾರ್ತಿಯೊಬ್ಬರೊಡನೆ, ಆಕೆಯ ಒಪ್ಪಿಗೆಯಿಲ್ಲದೆ, ಅನುಚಿತವಾಗಿ ನಡೆದುಕೊಂಡರು. 2025ರಲ್ಲಿ ನ್ಯಾಯಾಲಯವು ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಆದರೆ ಘಟನೆ ನಡೆದ ದಿನಗಳಲ್ಲಿ ಅಧ್ಯಕ್ಷರು ರಾಜೀನಾಮೆ ಕೊಡಲು ನಿರಾಕರಿಸಿದ್ದರು. ಗೆದ್ದ ತಂಡದ ಹೆಣ್ಣುಮಕ್ಕಳು ಗೆಲುವಿನ ಸಂತೋಷವನ್ನು ಬಿಟ್ಟು ತಮ್ಮ ಮಾನಕ್ಕಾಗಿ ಹೋರಾಡಬೇಕಾಗಿತ್ತು.

ಆ ತಿಂಗಳ 31ರಂದು ಮೊನಾಕೊದಲ್ಲಿ ಯುರೋಪಿನ ವರ್ಷದ ಅತ್ಯುತ್ತಮ ಮಹಿಳಾ ತಂಡದ ತರಬೇತುದಾರರೆಂದು ವೀಗ್ಮನ್ ಅವರ ಹೆಸರು ಪ್ರಕಟವಾಯಿತು. ವೇದಿಕೆಗೆ ಬಂದ ಅವರು, ಹನ್ನೊಂದು ದಿನಗಳ ಹಿಂದೆ ತಮ್ಮನ್ನು ಸೋಲಿಸಿದ್ದ ಸ್ಪೇನಿನ ತಂಡಕ್ಕೆ ಆ ಪ್ರಶಸ್ತಿಯನ್ನು ಅರ್ಪಿಸಿದರು. ಆ ತಂಡವನ್ನು ಜಗತ್ತು ಕೊಂಡಾಡಬೇಕು, ಅವರ ಮಾತಿಗೆ ಕಿವಿಗೊಡಬೇಕು ಎಂದು ಹೇಳಿ, ತಾವೇ ಮೊದಲು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು.