ಕುಂದಾಪುರದಲ್ಲೊಂದು ಆಷಾಢ

ಘಟ್ಟದ ಮೇಲಿನಿಂದ ಕರಾವಳಿಗೆ ಇಳಿಯುವ ದಾರಿಗಳು ಹಲವಿವೆ. ಅವುಗಳಲ್ಲಿ ನಗರ, ಹುಲಿಕಲ್, ಹೊಸಂಗಡಿ, ಸಿದ್ದಾಪುರಗಳ ಮೂಲಕ ಕುಂದಾಪುರವನ್ನು ಸೇರುವ ದಾರಿಯು ನಮ್ಮ ಸಮಾಜದವರ ಪಾಲಿಗೆ ಬರಿಯ ರಸ್ತೆಯಲ್ಲ. ನಗರವೆಂದರೆ ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಆ ವೀರಶೈವ ಅರಸುಮನೆತನದ ರಾಜಧಾನಿ ಅದು. ಘಟ್ಟದ ಮೆಣಸು, ಗದ್ದೆಗಳ ಅಕ್ಕಿ ಹಡಗನ್ನೇರುತ್ತಿದ್ದುದು ಕುಂದಾಪುರದ ಬಳಿಯ ಬಸರೂರಿನಲ್ಲಿ. ಅಲ್ಲಿ ಕೋಟೆ ಕಟ್ಟಿ ಕುಳಿತಿದ್ದ ಪೋರ್ಚುಗೀಸರನ್ನು ಹೊರಗಟ್ಟಿದವನು ಶಿವಪ್ಪ ನಾಯಕ. ಆದುದರಿಂದ ಈ ಘಟ್ಟವನ್ನು ಇಳಿಯುವಾಗಲೆಲ್ಲ ಹಿರಿಯರು ನಡೆದ ಹಾದಿಯಲ್ಲಿ ನಡೆಯುತ್ತಿರುವ ಭಾವನೆ ನಮಗೆ.

ಕಳೆದ ಆಷಾಢದಲ್ಲಿ ಕುಂದಾಪುರದ ಶರಣಬಂಧುಗಳು ನಮ್ಮನ್ನು ವಚನ ಚಿಂತನೆಗೆ ಆಹ್ವಾನಿಸಿದ್ದರು. ಕರಾವಳಿಯಲ್ಲಿ ನಮ್ಮವರ ಮನೆಗಳು ವಿರಳ. ನೌಕರಿ, ವ್ಯಾಪಾರಗಳ ನಿಮಿತ್ತ ಬಂದು ನೆಲೆಸಿದವರೇ ಹೆಚ್ಚು. ನಮ್ಮ ಆತಿಥೇಯರೂ ಶಿವಮೊಗ್ಗೆಯ ಕಡೆಯಿಂದ ಬಂದು ಇಪ್ಪತ್ತು ವರ್ಷಗಳಿಂದ ಅಲ್ಲಿರುವ ಸರ್ಕಾರಿ ನೌಕರರು. ಮರುದಿನ ಬೆಳಿಗ್ಗೆ ಪೂಜೆ, ಪ್ರಸಾದಗಳು ಮುಗಿದ ಮೇಲೆ ಅವರು ಮಗನನ್ನು ನಮ್ಮ ಮುಂದೆ ತಂದು ನಿಲ್ಲಿಸಿದರು. ಹುಡುಗನು ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿ.

“ಗುರುಗಳೇ, ತಾವು ಇವನಿಗೊಂದು ಮಾತು ಹೇಳಬೇಕು. ಬೆಳಗಾದರೆ ಚೆಂಡು, ಸಂಜೆಯಾದರೆ ಚೆಂಡು. ಬಾಸ್ಕೆಟ್‌ಬಾಲ್ ಅನ್ನ ಹಾಕುತ್ತದೆಯೇ, ಕೇಳಿ.”

ಹುಡುಗನು ತಲೆ ತಗ್ಗಿಸಿ ನಿಂತಿದ್ದನು. “ಹೇಳೋಣ. ಮೊದಲು ಅವನೇನು ಮಾಡುತ್ತಾನೆಂಬುದನ್ನು ನೋಡಿ ಬರೋಣ” ಎಂದೆವು. ಆ ಹೊತ್ತಿನಲ್ಲಿ ನಮ್ಮ ಮನಸ್ಸು ತಂದೆಯ ಪಕ್ಷದಲ್ಲಿಯೇ ಇತ್ತೆಂಬುದನ್ನು ಓದುಗರಿಂದ ಮುಚ್ಚಿಡಲಾರೆವು.

ಪಾಚಿಯ ಅಂಗಳ

ಕಾಲೇಜು ಸಣ್ಣದು. ಅದರ ಹಿಂಬದಿಯಲ್ಲಿ ಸಿಮೆಂಟಿನ ಅಂಗಳ. ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಮೀಟರ್ ಅಗಲ. ಎರಡು ತುದಿಗಳಲ್ಲಿ ಕಬ್ಬಿಣದ ಕಂಬ, ಹಲಗೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಬಳೆ. ನಾವು ಹೋದಾಗ ಆಟ ನಡೆಯುತ್ತಿರಲಿಲ್ಲ. ಹನ್ನೊಂದು ಮಂದಿ ಹುಡುಗರು ಬ್ಲೀಚಿಂಗ್ ಪುಡಿ ಚೆಲ್ಲಿ, ಪೊರಕೆ ಹಿಡಿದು ಪಾಚಿ ಉಜ್ಜುತ್ತಿದ್ದರು. ಅವರೊಡನೆ ಪಂಚೆಯನ್ನು ಎತ್ತಿ ಕಟ್ಟಿ ಉಜ್ಜುತ್ತಿದ್ದ ನಡುವಯಸ್ಸಿನವರೇ ದೈಹಿಕ ಶಿಕ್ಷಣ ನಿರ್ದೇಶಕರೆಂದು ಆಮೇಲೆ ತಿಳಿಯಿತು. ಉಜ್ಜಿ ಮುಗಿಯುವ ಹೊತ್ತಿಗೆ ಮಳೆ ಮತ್ತೆ ಸುರಿಯಿತು.

“ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕಥೆ. ಚೆಂಡು ನೀರಿನ ಮೇಲೆ ಬಿದ್ದರೆ ಏಳುವುದಿಲ್ಲ, ಹುಡುಗ ಪಾಚಿಯ ಮೇಲೆ ಬಿದ್ದರೂ ಏಳುವುದಿಲ್ಲ” ಎಂದು ಅವರು ನಕ್ಕರು. ಮಂಗಳೂರು ವಿಶ್ವವಿದ್ಯಾನಿಲಯದ ಅಂತರಕಾಲೇಜು ಪಂದ್ಯಕ್ಕೆ ತಂಡವನ್ನು ಸಿದ್ಧಗೊಳಿಸಬೇಕಾದುದು ಈ ಮಳೆಯ ತಿಂಗಳುಗಳಲ್ಲಿಯೇ.

ಈ ಆಟದ ಹುಟ್ಟನ್ನು ತಿಳಿದವರಿಗೆ ಇದೊಂದು ವಿಪರ್ಯಾಸವಾಗಿ ಕಾಣುತ್ತದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಇದನ್ನು ರೂಪಿಸಿದರು. ಹಿಮ ಬಿದ್ದು ಹೊರಗೆ ಕಾಲಿಡಲಾಗದ ಚಳಿಗಾಲದಲ್ಲಿ ಸೂರಿನ ಕೆಳಗೆ ಯುವಕರಿಗೊಂದು ಆಟ ಬೇಕಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಗಸಾಲೆಯ ಕಟಕಟೆಗೆ ಬಡಿದರು. ಆ ಕಟಕಟೆಯ ಎತ್ತರ ಹತ್ತು ಅಡಿಯಿದ್ದುದರಿಂದ ಇಂದಿಗೂ ಬಳೆಯು ಅಷ್ಟೇ ಎತ್ತರದಲ್ಲಿದೆ. ಆ ಶಿಕ್ಷಕರು ದೈವಶಾಸ್ತ್ರವನ್ನು ಓದಿ ಬಂದವರೆಂಬುದು ಮಠದಲ್ಲಿ ಓದಿದ ನಮಗೆ ಕುತೂಹಲದ ಸಂಗತಿ. ಸೂರು ಇದ್ದವರಿಗಾಗಿ ಹುಟ್ಟಿದ ಆಟವನ್ನು ನಮ್ಮ ಹುಡುಗರು ಸೂರಿಲ್ಲದೆ ಆಡುತ್ತಿದ್ದಾರೆ.

ಅವರು ಬರೆದ ಹದಿಮೂರು ನಿಯಮಗಳಲ್ಲಿ ಒಂದು ನಮ್ಮ ಮನಸ್ಸಿನಲ್ಲಿ ನಿಂತಿತು. ಚೆಂಡನ್ನು ಹಿಡಿದುಕೊಂಡು ಓಡುವಂತಿಲ್ಲ. ಇಂದಿನ ಆಟದಲ್ಲಿ ನೆಲಕ್ಕೆ ಬಡಿಯುತ್ತ ಸಾಗಬಹುದು, ಇಲ್ಲವೇ ಜೊತೆಗಾರನಿಗೆ ಕೊಡಬೇಕು. ಒಂದು ತಂಡವು ಇಪ್ಪತ್ನಾಲ್ಕು ಸೆಕೆಂಡುಗಳೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯದಿದ್ದರೆ ಅದು ಎದುರಾಳಿಯ ಪಾಲು. ಕೈಗೆ ಬಂದುದನ್ನು ಕೂಡಿಟ್ಟುಕೊಂಡು ಕೂರುವವನಿಗೆ ಇಲ್ಲಿ ಸ್ಥಾನವಿಲ್ಲ. ದಾಸೋಹದ ವಿಷಯದಲ್ಲಿ ಬಹಳ ಭಾಷಣಗಳನ್ನು ಮಾಡಿದ್ದೇವೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇಷ್ಟು ಸುಲಭವಾಗಿ ತಿಳಿಯುವಂತೆ ಹೇಳಿದ ನೆನಪಿಲ್ಲ.

ಕಲ್ಯಾಣ ಮಂಟಪದಲ್ಲಿ

ಮಳೆ ನಿಲ್ಲುವ ಲಕ್ಷಣ ಕಾಣದಿರಲು ನಿರ್ದೇಶಕರು ಹುಡುಗರನ್ನು ಕರೆದುಕೊಂಡು ಪಕ್ಕದ ಬೀದಿಗೆ ಹೊರಟರು. ಅಲ್ಲೊಂದು ಕಲ್ಯಾಣ ಮಂಟಪ. ಆಷಾಢದಲ್ಲಿ ಮದುವೆಗಳಿಲ್ಲ. ಈ ಕಡೆಯ ಜನ ‘ಆಸಾಡಿ’ ಎಂದು ಕರೆಯುವ ಈ ತಿಂಗಳು ಶುಭಕಾರ್ಯಗಳಿಗೆ ಬಿಡುವು. ಮಂಟಪದ ಯಜಮಾನರು ದೀಪದ ಖರ್ಚನ್ನು ಮಾತ್ರ ಪಡೆದು ದಿನಕ್ಕೆ ಒಂದೂವರೆ ಗಂಟೆ ಬಾಗಿಲು ತೆರೆಯಲು ಒಪ್ಪಿದ್ದರು. ಅವರದು ಒಂದೇ ಷರತ್ತು: ಕಿಟಕಿಯ ಗಾಜು ಒಡೆಯಬಾರದು.

ಆದ್ದರಿಂದ ಅಲ್ಲಿ ಎಸೆತವಿಲ್ಲ. ಕಾಲಿನ ಕೆಲಸ ಮಾತ್ರ. ಮಂಟಪದ ಮುಂದೆ, ವಧೂವರರು ನಡೆಯುವ ಜಾಗದಲ್ಲಿ, ಹುಡುಗರು ಮೊಣಕಾಲು ಬಾಗಿಸಿ, ಕೈ ಚಾಚಿ, ಏಡಿಯಂತೆ ಅಡ್ಡಡ್ಡ ಸರಿದರು. ಒಂದು ಪಾದವನ್ನು ನೆಲಕ್ಕೆ ನೆಟ್ಟು ಮತ್ತೊಂದನ್ನು ತಿರುಗಿಸಿದರು. ಎದೆಯ ಮಟ್ಟದಲ್ಲಿ ಚೆಂಡನ್ನು ಕೊಟ್ಟರು, ತೆಗೆದುಕೊಂಡರು. ಅದನ್ನೇ ನೂರು ಸಲ. ತಪ್ಪಿದವನು ಮತ್ತೆ ಮೊದಲಿನಿಂದ. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಉರು ಹೊಡೆದುದು ಹೀಗೆಯೇ. ನಮ್ಮ ಆತಿಥೇಯರ ಮಗ ಮನೆಯಲ್ಲಿ ಕರೆದರೆ ಓಗೊಡದವನು; ಅಲ್ಲಿ ಒಂದು ಸೀಟಿಗೆ ತಿರುಗುತ್ತಿದ್ದನು.

ಒಂದೂವರೆ ಗಂಟೆಯೇ ಏಕೆಂದು ಕೇಳಿದೆವು. ಕಾರಣ ಬಸ್ಸು. ಹನ್ನೊಂದು ಮಂದಿಯಲ್ಲಿ ಐವರು ಕುಂದಾಪುರದ ಸುತ್ತಿನವರು, ನಾಲ್ವರು ಬೈಂದೂರಿನ ಕಡೆಯವರು, ಇಬ್ಬರು ಬ್ರಹ್ಮಾವರದ ಕಡೆಯವರು. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದುವು. ಆದರೆ ಮಕ್ಕಳ ಓಡಾಟವು ಹಿಂದಿನಂತೆಯೇ ಕುಂದಾಪುರಕ್ಕೆ. ಬೈಂದೂರಿಗೆ ಮೂವತ್ತು ಕಿ.ಮೀ.ಗೂ ಮಿಗಿಲಾದ ದಾರಿ. ಅಲ್ಲಿಂದ ಒಳಗಿನ ಹಳ್ಳಿಗೆ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮಳೆಯಲ್ಲಿ ನಡಿಗೆಯೇ ಗತಿ.

“ಇವರಿಗೆ ಆಟ ಕೈಗೆ ಹತ್ತುವುದು ಮೂರನೆಯ ವರ್ಷದಲ್ಲಿ, ಅಷ್ಟರಲ್ಲಿ ಕಾಲೇಜು ಮುಗಿಯುತ್ತದೆ” ಎಂದರು ನಿರ್ದೇಶಕರು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಾಗ ಅವರಿಗೆ ಒಂದು ಆಸೆ ಹುಟ್ಟಿತ್ತಂತೆ. 2024ರಲ್ಲಿ ಪದವಿಯು ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಉದ್ಯೋಗದ ಬಾಗಿಲುಗಳೂ ಹಿಂದಿನಂತಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಬಾಸ್ಕೆಟ್‌ಬಾಲ್ ತಂಡವನ್ನು ಕಟ್ಟಿ ಹೆಸರಾಂತ ಆಟಗಾರರಿಗೆ ಕೆಲಸ ಕೊಟ್ಟಿತ್ತು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅನ್ನ ಹಾಕುತ್ತದೆಯೇ ಎಂಬ ತಂದೆಯ ಪ್ರಶ್ನೆ ಸುಳ್ಳಲ್ಲ.

ಗಂಗೊಳ್ಳಿಯ ಮನೆ

ಭಾನುವಾರ ನಿರ್ದೇಶಕರು ಗಂಗೊಳ್ಳಿಗೆ ಹೊರಟಿದ್ದರು, ನಾವೂ ಜೊತೆಗೂಡಿದೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಕಡಲನ್ನು ಸೇರುವ ಪಂಚಗಂಗಾವಳಿಯ ಆಚೆಯ ದಡವೇ ಗಂಗೊಳ್ಳಿ. ಕುಂದಾಪುರದಲ್ಲಿ ನಿಂತರೆ ಕಣ್ಣೆದುರಿಗೇ ಕಾಣುವ ಊರನ್ನು ಸೇರಲು ರಸ್ತೆಯಲ್ಲಿ ತ್ರಾಸಿಯವರೆಗೆ ಹೋಗಿ ಸುತ್ತಿ ಬರಬೇಕು. ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಸಾಲುಗಟ್ಟಿ ನಿಂತಿದ್ದುವು. ಜೂನ್ 1ರಿಂದ ಜುಲೈ 31ರವರೆಗೆ ಅರುವತ್ತೊಂದು ದಿನ ಅವು ಕಡಲಿಗಿಳಿಯುವಂತಿಲ್ಲ. ಬಲೆ ಹೆಣೆಯುವ ಕೆಲಸ ಸಾಗಿತ್ತು.

ತಂಡದಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನ ಮನೆ ಅಲ್ಲಿದೆ. ದೋಣಿಗಳು ನಿಂತಿರುವ ಎರಡು ತಿಂಗಳು ಅವನಿಗೆ ಬಿಡುವು. ಆಗಸ್ಟ್ 1ರಿಂದ ಅಪ್ಪನೊಡನೆ ದೋಣಿಗೆ ಹೋಗಬೇಕು. ಅಣ್ಣನು ಕೊಲ್ಲಿ ದೇಶಕ್ಕೆ ಹೋದ ಮೇಲೆ ಮನೆಯಲ್ಲಿ ಕೈಗಳು ಕಡಿಮೆ. ಕಾಲೇಜನ್ನೇ ಬಿಡಿಸುವ ಮಾತೂ ನಡೆದಿತ್ತು. ಹುಡುಗನು ತಾನಾಗಿ ಇದನ್ನು ಯಾರಿಗೂ ಹೇಳಿರಲಿಲ್ಲ. ಎರಡು ದಿನ ಅಭ್ಯಾಸಕ್ಕೆ ಬಾರದಿದ್ದುದರಿಂದ ನಿರ್ದೇಶಕರು ಕೇಳಿ ತಿಳಿದಿದ್ದರು.

ತಂದೆಯು ಬಲೆಯನ್ನು ಬದಿಗಿಟ್ಟು ಎದ್ದು ಬಂದು ನಮಗೆ ಮಣೆ ಹಾಕಿದರು, ಎಳನೀರು ಕೆತ್ತಿಸಿದರು. ನಿರ್ದೇಶಕರು ಪದಕದ ಮಾತನ್ನಾಡಲಿಲ್ಲ, ಕೆಲಸ ಸಿಗುತ್ತದೆಂದು ಆಸೆ ತೋರಿಸಲಿಲ್ಲ. “ಪಂದ್ಯ ಮುಗಿಯುವವರೆಗೆ ವಾರದಲ್ಲಿ ಐದು ದಿನ ಅವನು ನನ್ನ ಬಳಿ ಇರಲಿ. ತರಗತಿಗೆ ಕೂರಿಸುವ ಜವಾಬ್ದಾರಿಯೂ ನನ್ನದೇ. ಶನಿವಾರ ರಾತ್ರಿ ನಿಮ್ಮ ದೋಣಿಗೆ ಕಳಿಸುತ್ತೇನೆ” ಎಂದರು.

ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಕಡೆಗೆ, “ಹ್ವಾಯ್, ಮಾಣಿ ಆಡ್ಲಿ. ಕಡ್ಲ್ ಎಲ್ಲಿಗೂ ಹೋತಿಲ್ಲ. ಆರೆ ಪರೀಕ್ಷೆ ಬಿಟ್ರೆ ಮಾತ್ರ ನಾ ಸುಮ್ನೆ ಇಪ್ಪುದಿಲ್ಲ” ಎಂದರು. ಒಳಗಿನ ಕೋಣೆಯ ಬಾಗಿಲ ಮರೆಯಲ್ಲಿ ಹುಡುಗನ ನೆರಳು ಅಲುಗಿತು.

ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರನ್ನು ಶರಣರೆಂದು ಪೂಜಿಸುವ ಪರಂಪರೆ ನಮ್ಮದು. ಕಾಯಕವನ್ನೂ ಮಗನ ಓದನ್ನೂ ತೂಗಿ, ಎರಡನ್ನೂ ಬಿಡದೆ ಉತ್ತರ ಕೊಟ್ಟ ಆ ತಂದೆಯ ಮುಂದೆ ನಾವು ಯಾವ ಉಪದೇಶವನ್ನೂ ಮಾಡಲಿಲ್ಲ.

ಅಲ್ಲಿಂದ ಮರವಂತೆಗೆ ಬಂದೆವು. ಎಡಕ್ಕೆ ಅಬ್ಬರಿಸುವ ಕಡಲು, ಬಲಕ್ಕೆ ಮೌನವಾಗಿ ಹರಿಯುವ ಸೌಪರ್ಣಿಕಾ, ನಡುವೆ ಹೆದ್ದಾರಿ. ಮುಂದೆ ಬೈಂದೂರಿನ ಕಡಲ ತಡಿಯ ಸೋಮೇಶ್ವರನ ದರ್ಶನ ಪಡೆದೆವು. ಕೈ ಮುಗಿದು ನಿಂತಾಗಲೂ ಮನಸ್ಸು ಗಂಗೊಳ್ಳಿಯ ಜಗಲಿಯಲ್ಲಿಯೇ ಇತ್ತು. ಅದಕ್ಕೆ ಕಾರಣವಿದೆ.

ಒಂದು ಹಳೆಯ ಸಹಿ

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಬಯಲುಸೀಮೆಯ ಒಂದು ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದೆವು. ಕಬಡ್ಡಿಯಲ್ಲಿ ಹೆಸರು ಮಾಡಿದ ಹುಡುಗನೊಬ್ಬನಿಗೆ ಹಾಜರಾತಿ ಕಡಿಮೆ ಬಿದ್ದಿತು. ಬೇಕಾಗಿದ್ದುದು ಶೇಕಡಾ 75. ಅವನದು ಅದಕ್ಕೆ ಮುಟ್ಟಲಿಲ್ಲ. ಅವನು ಪತ್ರ ಹಿಡಿದು ನಮ್ಮ ಸಹಿಗಾಗಿ ಮೂರು ದಿನ ಬಂದನು. ನಾವು ಹಾಕಲಿಲ್ಲ. ‘ಓದಲು ಬಂದವನು ಓದಬೇಕು’ ಎಂದೆವು. ನಾಲ್ಕನೆಯ ದಿನ ಅವನು ಬರಲಿಲ್ಲ, ಮುಂದೆಯೂ ಬರಲಿಲ್ಲ. ನಿಯಮವು ನಮ್ಮ ಕಡೆಗಿತ್ತು. ಆದರೆ ಅವನ ಊರು ಆರು ಕಿ.ಮೀ. ದೂರದಲ್ಲಿತ್ತು, ನಾವು ಒಮ್ಮೆಯೂ ಹೋಗಿ ವಿಚಾರಿಸಲಿಲ್ಲ. ಸಹಿ ಹಾಕದಿದ್ದುದಕ್ಕಿಂತ ಹೋಗದಿದ್ದುದು ಈಗ ಹೆಚ್ಚು ನೋಯಿಸುತ್ತದೆ.

ಬ್ರಹ್ಮಾವರದ ಸೋಲು

ಊರಿಗೆ ಹಿಂದಿರುಗುವ ಮುನ್ನಾ ದಿನ ಬ್ರಹ್ಮಾವರದಲ್ಲಿ ಬೇರೊಂದು ತಂಡದೊಡನೆ ಅಭ್ಯಾಸ ಪಂದ್ಯವಿತ್ತು. ಬೆಳಿಗ್ಗೆ ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಕತ್ತಲೆ ಬಸದಿಯನ್ನು ನೋಡಿಕೊಂಡು, ಮಳೆ ಬಿಡುವು ಕೊಟ್ಟ ಮಧ್ಯಾಹ್ನ ಆಟಕ್ಕೆ ಬಂದೆವು. ಈ ಬಾರಿ ಆತಿಥೇಯರನ್ನೂ ಒತ್ತಾಯದಿಂದ ಕರೆತಂದಿದ್ದೆವು.

ನಮ್ಮ ಹುಡುಗರು ಸೋತರು. ಇಪ್ಪತ್ತಕ್ಕೂ ಹೆಚ್ಚು ಅಂಕಗಳಿಂದ ಸೋತರು. ಹತ್ತು ಹತ್ತು ನಿಮಿಷದ ನಾಲ್ಕು ಅವಧಿಗಳಲ್ಲಿ ಮೂರನೆಯದು ಮುಗಿಯುವಾಗಲೇ ಉಸಿರು ಕಟ್ಟಿತ್ತು. ಗಂಗೊಳ್ಳಿಯ ಹುಡುಗನು ಐದು ತಪ್ಪುಗಳನ್ನೆಸಗಿ ಹೊರಗೆ ಕುಳಿತನು. ಮಂಟಪದಲ್ಲಿ ಎಸೆತದ ಅಭ್ಯಾಸವಿಲ್ಲದ ಕಾರಣ ಚೆಂಡು ಬಳೆಗೆ ತಗಲಿ ಹೊರಗೆ ಹಾರುತ್ತಿತ್ತು. ಆದರೆ ಕಾಲುಗಳು ಮಾತ್ರ ಸರಿಯಾದ ಸ್ಥಳದಲ್ಲಿದ್ದುವು. ಎದುರಾಳಿಯು ಎಲ್ಲಿ ತಿರುಗಿದರೂ ಒಬ್ಬನು ಅಡ್ಡ ನಿಂತಿರುತ್ತಿದ್ದನು. ನಮ್ಮ ಆತಿಥೇಯರ ಮಗನು ತಾನೇ ಎಸೆಯಬಹುದಾಗಿದ್ದ ಚೆಂಡನ್ನು ಬುಟ್ಟಿಗೆ ಇನ್ನೂ ಹತ್ತಿರವಿದ್ದ ಜೊತೆಗಾರನಿಗೆ ಕೊಟ್ಟನು, ಅಂಕ ಬಂದಿತು. “ಇವನು ಮನೆಯಲ್ಲಿ ತಂಗಿಗೆ ಒಂದು ಪೆನ್ನನ್ನೂ ಕೊಡುವುದಿಲ್ಲ” ಎಂದು ತಂದೆಯು ಮೆಲ್ಲಗೆ ಹೇಳಿದರು. ಆ ಮಾತಿನಲ್ಲಿ ದೂರು ಇರಲಿಲ್ಲ.

ರಾತ್ರಿ ಪ್ರಸಾದದ ಹೊತ್ತಿನಲ್ಲಿ ಅವರು, “ಗುರುಗಳೇ, ತಾವು ಅವನಿಗೆ ಮಾತು ಹೇಳಲೇ ಇಲ್ಲ” ಎಂದು ನೆನಪಿಸಿದರು. ನಾವು ಹುಡುಗನನ್ನು ಕರೆದು, ಹಾಜರಾತಿಯ ಪುಸ್ತಕವನ್ನು ಚೆಂಡಿನಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕೆಂದೆವು. ಅಷ್ಟೇ.

ಅಕ್ಟೋಬರ್‌ನಲ್ಲಿ ಅವರಿಂದ ದೂರವಾಣಿ ಬಂದಿತು. ತಂಡವು ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಆರು ಅಂಕಗಳಿಂದ ಸೋತಿತಂತೆ. ಗಂಗೊಳ್ಳಿಯ ಹುಡುಗನು ಕೊನೆಯವರೆಗೂ ಆಡಿದನಂತೆ. ಆ ಶನಿವಾರ ದೋಣಿಗೆ ಹೋಗಿ ಸೋಮವಾರ ತರಗತಿಗೆ ಬಂದನಂತೆ. ಇವರು ರಜೆ ಹಾಕಿ ಎರಡು ಪಂದ್ಯಗಳನ್ನೂ ನೋಡಿ ಬಂದಿದ್ದರು.

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಮ್ಮ ಸಮಾಜವು ಊರೂರುಗಳಲ್ಲಿ ಸಮುದಾಯ ಭವನಗಳನ್ನೂ ಕಲ್ಯಾಣ ಮಂಟಪಗಳನ್ನೂ ಕಟ್ಟಿದೆ. ಆಷಾಢದಲ್ಲಿ ಅವುಗಳಿಗೆ ಬೀಗ. ಹೊರಗೆ ಮಳೆ, ಜಗಲಿಯಲ್ಲಿ ಯಾವ ಜಾತಿಯ ಮಕ್ಕಳೇ ಇರಲಿ, ಆಡಲು ಜಾಗವಿಲ್ಲದೆ ನಿಂತಿರುತ್ತಾರೆ. ದಿನಕ್ಕೆ ಒಂದೂವರೆ ಗಂಟೆ ಆ ಬೀಗವನ್ನು ತೆಗೆದರೆ ನಮಗಾಗುವ ನಷ್ಟ ಹೆಚ್ಚೆಂದರೆ ಒಂದು ಕಿಟಕಿಯ ಗಾಜು. ಅದನ್ನು ಹಾಕಿಸಿಕೊಡಲು ನಾವು ಸಿದ್ಧರಿದ್ದೇವೆ.