ಪಂಕ್ತಿಯ ಮಧ್ಯೆ ಮುಗಿಯಬಾರದು

ಡೊಂಬಿವಲಿಯ ಆ ಮನೆಯಲ್ಲಿ ಸ್ಪರ್ಧೆಯ ಹಿಂದಿನ ರಾತ್ರಿ ಊಟವಾದ ಮೇಲೆ ನೆಲಕ್ಕೆ ಹಳೇ ಪೇಪರ್ ಹಾಸುತ್ತಾರೆ. ಮೇಜು ಬೇಡ. ಪೆಲೆಟ್ ಎಂದರೆ ಸೀಸ, ಉಣ್ಣುವ ಜಾಗಕ್ಕೆ ಅದು ಬರಕೂಡದು ಎಂದು ಅಮ್ಮನ ಕಟ್ಟಪ್ಪಣೆ. ಮಗಳು ಡಬ್ಬಿ ತೆರೆದು ಒಂದೊಂದೇ ಪೆಲೆಟ್ಟನ್ನು ದೀಪದ ಕೆಳಗೆ ಹಿಡಿದು ನೋಡುತ್ತಾಳೆ. ಹಿಂಬದಿಯ ತೆಳು ಅಂಚು ಸೊಟ್ಟಗಾಗಿದ್ದರೆ ಅಭ್ಯಾಸದ ಡಬ್ಬಿಗೆ, ದುಂಡಗಿದ್ದರೆ ಸ್ಪರ್ಧೆಯ ಡಬ್ಬಿಗೆ. ಅಪ್ಪ ಕನ್ನಡಕ ಏರಿಸಿಕೊಂಡು ಎಣಿಸುತ್ತಾರೆ. ಮೂವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಎಣಿಕೆ ಹೊಸದಲ್ಲ.

ಮೂರು ವರ್ಷದ ಹಿಂದೆ ಅವರು ಮೊದಲ ಸಲ ಕೇಳಿದ್ದರು, "ಎಷ್ಟ್ ಬೇಕಾತ್ತ್ ಮಗಾ?"

"ಅರವತ್ತು, ಅಪ್ಪ."

"ಹಾಂಗಾರೆ ಎಪ್ಪತ್ತ್ ಸಾಕಲ್ದಾ?"

ಕಾಗದದ ಮೇಲೆ ಸಾಕು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರುವುದು 60 ಗುಂಡು, ಅವಧಿ 75 ನಿಮಿಷ. ಆದರೆ ಅದಕ್ಕೂ ಮೊದಲು 15 ನಿಮಿಷ ಗುರಿ ಹೊಂದಿಸಿಕೊಳ್ಳಲು ಕೊಡುತ್ತಾರೆ. ಆ ಹೊತ್ತಿನಲ್ಲಿ ಎಷ್ಟು ಹೊಡೆದರೂ ಕೇಳುವವರಿಲ್ಲ. ಸಮಾಧಾನದಲ್ಲಿದ್ದವರಿಗೆ 15–20 ಸಾಕು, ಕೈ ನಡುಗುತ್ತಿದ್ದರೆ 40 ಆದರೂ ಆಯಿತು. ಮೊದಲ ಎಂಟರೊಳಗೆ ಬಂದರೆ ಫೈನಲ್. ಅಲ್ಲಿ 24 ಗುಂಡು, ಅದರ ಮೊದಲು ಮತ್ತೆ ಗುರಿ ಹೊಂದಿಸುವುದು, ಅಂಕ ಸಮವಾದರೆ ಇನ್ನೊಂದೆರಡು. ಬೆರಳಿಂದ ಜಾರಿ ನೆಲಕ್ಕೆ ಬೀಳುವವು ಬೇರೆ.

ತೂಕವೇನೂ ಇಲ್ಲ. 500ರ ಇಡೀ ಡಬ್ಬಿ ಕಾಲು ಕಿಲೋ ಚಿಲ್ಲರೆ. ಹಾಗಿದ್ದ ಮೇಲೆ ಡಬ್ಬಿಯನ್ನೇ ಒಯ್ದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಷ್ಟ ಇರುವುದು ಒಯ್ಯುವುದರಲ್ಲಲ್ಲ, ಉಳಿಸುವುದರಲ್ಲಿ. ಪ್ರತಿ ರೈಫಲ್‌ಗೂ ಒಗ್ಗುವ ಪೆಲೆಟ್ ಬೇರೆ. 4.49 ಮಿಲಿಮೀಟರಿನದು ಒಂದಕ್ಕೆ ಸರಿಹೋದರೆ 4.50ರದು ಇನ್ನೊಂದಕ್ಕೆ; ಅದೇ ಕಂಪನಿ, ಅದೇ ಅಳತೆ ಆದರೂ ಲಾಟ್ ನಂಬರ್ ಬದಲಾದರೆ ಗುಂಡು ಬೀಳುವ ಜಾಗ ಬದಲಾಗಬಹುದು. ಹತ್ತರ ಚುಕ್ಕೆಯ ಅಗಲವೇ ಅರ್ಧ ಮಿಲಿಮೀಟರ್. ಹಾಗಾಗಿ ರೈಫಲನ್ನು ಇಕ್ಕಳಕ್ಕೆ ಬಿಗಿದು, ಬೇರೆ ಬೇರೆ ಲಾಟ್ ಹೊಡೆದು ನೋಡಿ, ಒಗ್ಗಿದ್ದನ್ನು ಕೈಲಾದಷ್ಟು ಡಬ್ಬಿ ಕೊಂಡಿಡುತ್ತಾರೆ. ಆಮದಿನ ಮಾಲು, ಬೆಲೆ ಜಾಸ್ತಿ. ದಿನಕ್ಕೆ ನೂರು ಹೊಡೆದರೆ ಡಬ್ಬಿ ಐದೇ ದಿನ. ಈ ಮನೆಗೆ ಸಿಕ್ಕದ್ದು ಆ ಲಾಟಿನ ನಾಲ್ಕು ಡಬ್ಬಿ. ಇಡೀ ವರ್ಷದ ಸ್ಪರ್ಧೆಗಳೆಲ್ಲ ಅಷ್ಟರಲ್ಲೇ ಮುಗಿಯಬೇಕು.

ಬಂದೂಕಿನವರ ಪಾಡು ಇನ್ನೊಂದು ಬಗೆ. 50 ಮೀಟರಿನ .22 ತೋಟಾ ಬರುವುದು 50ರ ಪೆಟ್ಟಿಗೆಯಲ್ಲಿ, ಸ್ಪರ್ಧೆಗೆ ಬೇಕಾದ್ದು 60. ಎರಡನೇ ಪೆಟ್ಟಿಗೆ ಒಡೆಯದೆ ಗತಿಯಿಲ್ಲ. ಮದ್ದು ತುಂಬಿದ ತೋಟಾ ಆದ್ದರಿಂದ ಲೈಸೆನ್ಸಿನಲ್ಲಿ ದಾಖಲಾಗದೆ ಒಂದೂ ಕೈಸೇರದು. ವಿಮಾನದಲ್ಲಾದರೆ ಒಬ್ಬರಿಗೆ 5 ಕಿಲೋದ ಮಿತಿ. ಪೆಲೆಟ್ಟಿನಲ್ಲಿ ಮದ್ದಿಲ್ಲ, ಆ ರಗಳೆಯೂ ಇಲ್ಲ.

ಮುಂಬಯಿ ಕನ್ನಡಿಗರಿಗೆ ಈ ಆಟ ದೂರದ್ದಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಗುರಿ ಕಲಿತದ್ದು ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್‌ನಲ್ಲಿ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದರು, ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದರು. ಪನ್ವೇಲಿನಲ್ಲಿ ಅವರು ಕಟ್ಟಿದ 'ಲಕ್ಷ್ಯ' ಕ್ಲಬ್ಬಿನಲ್ಲಿ ಈಗ ಮುಂದಿನ ಪೀಳಿಗೆ ಕಲಿಯುತ್ತಿದೆ. ಅವರ ಕಾಲದಲ್ಲಿ ಹೆಂಗಸರಿಗೆ 40 ಗುಂಡು, ಗಂಡಸರಿಗೆ 60. 2018ರಿಂದ ಇಬ್ಬರಿಗೂ 60. ಸಮಾನತೆ ಬಂತು, ಜೊತೆಗೆ ಪ್ರತಿ ಸ್ಪರ್ಧೆಗೂ 20 ಪೆಲೆಟ್ ಹೆಚ್ಚಿನ ಖರ್ಚೂ ಬಂತು.

ಆ ಮೊದಲ ವರ್ಷ ಮಗಳು ಹಟ ಹಿಡಿದು ಒಯ್ದದ್ದು ಸರಿಯಾಗಿ ನೂರು. ಒಳ್ಳೆಯ ಲಾಟ್ ಪೋಲಾಗಬಾರದೆಂಬ ಜಿಪುಣತನ. ಮೊದಲ ದೊಡ್ಡ ಸ್ಪರ್ಧೆ, ಗಂಟಲು ಒಣಗಿತ್ತು. 15 ನಿಮಿಷದಲ್ಲಿ 39 ಹೊಡೆದುಬಿಟ್ಟಳು. ಉಳಿದದ್ದು 61. ನಲವತ್ತನೆಯ ಗುಂಡಿನ ಹೊತ್ತಿಗೆ ಒಂದು ಜಾರಿ ನೆಲಕ್ಕೆ ಬಿತ್ತು, ಐವತ್ತು ದಾಟಿದ ಮೇಲೆ ಇನ್ನೊಂದು. ಅಧಿಕಾರಿಯನ್ನು ಕರೆದು ಹೇಳಿದ್ದರೆ ಹೊರಗಿದ್ದ ಕೋಚ್‌ನಿಂದ ತರಿಸಬಹುದಿತ್ತೇನೋ. ಆ ಹೊತ್ತಿಗೆ ಬಾಯಿ ಬರಲಿಲ್ಲ. ಕೊನೆಯ ಗುಂಡಿಗೆ ಬಗ್ಗಿ, ಬಿದ್ದದ್ದನ್ನೇ ಹೆಕ್ಕಿ, ಊದಿ, ಹಾಕಿದಳು. 8.7. ಪೆಲೆಟ್ಟಿನ ಅಂಚು ಸೊಟ್ಟಗಾಗಿತ್ತೋ, ಕೈ ಸೊಟ್ಟಗಾಗಿತ್ತೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಆದರೆ ಕೊನೆಯ ಹತ್ತು ಗುಂಡುಗಳುದ್ದಕ್ಕೂ ಗುರಿಗಿಂತ ಹೆಚ್ಚಾಗಿ ಡಬ್ಬಿಯನ್ನೇ ನೋಡುತ್ತಿದ್ದೆ ಎಂಬುದು ಮಾತ್ರ ಗೊತ್ತು.

ಮನೆಗೆ ಬಂದು ಅತ್ತಳು. ಅಪ್ಪ ಬೈಯಲಿಲ್ಲ. ಕುಂದಾಪುರದ ಮದುವೆ ಮನೆಗಳ ಅಡುಗೆ ಭಟ್ಟರ ಮಾತು ಹೇಳಿದರು. ಮುನ್ನೂರು ಜನ ಅಂದರೆ ಭಟ್ಟರು ಮುನ್ನೂರಕ್ಕೇ ಅಕ್ಕಿ ಅಳೆಯುವುದಿಲ್ಲವಂತೆ. "ಉಳ್ದ್ರೆ ಅಡ್ಡಿಲ್ಲೆ ಮಗಾ, ಪಂಕ್ತಿ ಮಧ್ಯ ಮುಗೂಕಾಗ."

ಅಂದಿನಿಂದ ಅಪ್ಪನ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ. ಗುರಿ ಹೊಂದಿಸಲು 40, ಸ್ಪರ್ಧೆಗೆ 60, ಫೈನಲ್ ಮತ್ತು ಅದರ ತಯಾರಿಗೆ 50, ಬೀಳುವವು, ಸೊಟ್ಟಗಾದವು 20. ಒಟ್ಟು 170. ಅದೇ ಲಾಟಿನ ಇನ್ನೂ 50 ಬೇರೆ ಪುಟ್ಟ ಡಬ್ಬಿಯಲ್ಲಿ, ಅಪ್ಪನ ಚೀಲದಲ್ಲಿ. ಫೈನಲ್ಲಿನ 50ನ್ನು ಅವಳು ಮೊದಲಿಗೆ ಬೇಡವೆಂದಿದ್ದಳು. ಬಂದದ್ದೇ ಇಲ್ಲವಲ್ಲ ಎಂದು. ಅಪ್ಪ ಅದನ್ನು ಹೊಡೆದುಹಾಕಲಿಲ್ಲ.

ಸ್ಪರ್ಧೆ ಶುರುವಾದ ಮೇಲೆ ಅವಳು ಎಣಿಸುವುದಿಲ್ಲ. ಡಬ್ಬಿ ಯಾವಾಗಲೂ ತುಂಬಿದ ಹಾಗೆ ಕಾಣುತ್ತದೆ, ಕಣ್ಣು ಗುರಿಯ ಮೇಲಿರುತ್ತದೆ. ಸಂಜೆ ದಾದರಿನಿಂದ ಲೋಕಲ್ ಹತ್ತಿ ಮನೆ ಸೇರಿ, ಕೈ ತೊಳೆದು, ಊಟ ಮುಗಿಸಿದ ಮೇಲೆ ಮತ್ತೆ ಪೇಪರ್ ಹಾಸುತ್ತಾರೆ. ಉಳಿದವನ್ನು ಅಪ್ಪ ಎಣಿಸಿ ಬರೆದಿಡುತ್ತಾರೆ. ಹೋದ ಸಲದ ಲೆಕ್ಕದಲ್ಲಿ ಉಳಿದದ್ದು 83. ಫೈನಲ್ಲಿನ ಐವತ್ತೂ ಅದರಲ್ಲೇ ಇದ್ದವು. ಅಪ್ಪ ಅವನ್ನು ಒಂದೊಂದಾಗಿ, ಅಂಚು ಮುಟ್ಟದ ಹಾಗೆ, ಡಬ್ಬಿಗೆ ಹಾಕಿಟ್ಟರು.