ನಾಯಿಯೊಡನೆ ನಮ್ಮ ನಡಿಗೆ

ನಮ್ಮ ಮನೆಯಲ್ಲಿ ನಾಯಿ ಸಾಕುವ ಪದ್ಧತಿ ಹಿಂದೆಂದೂ ಇರಲಿಲ್ಲ. ಹಿರಿಯರ ಕಾಲದಿಂದಲೂ ಆಕಳು, ಎತ್ತು, ಎಮ್ಮೆಗಳನ್ನು ಕಟ್ಟಿ ಸಲಹಿದ ಮನೆ ನಮ್ಮದು. ನಾಯಿ ಎಂದರೆ ಅಂಗಳದ ಆಚೆ ನಿಂತು ಒಂದು ತುಣುಕು ರೊಟ್ಟಿ ತಿಂದು ಹೋಗುವ ಜೀವ, ಅಷ್ಟೇ. 2019ರ ದೀಪಾವಳಿಗೆ ನಮ್ಮ ಕಿರಿಯ ಮಗ ಮುಧೋಳದ ಕಡೆಯ ಹಳ್ಳಿಯೊಂದರಿಂದ ಎರಡು ತಿಂಗಳ ಮರಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬಂದಾಗ, ನಿವೃತ್ತ ಶಿಕ್ಷಕರಾದ ನಾವು ಗಂಡಹೆಂಡಿರಿಬ್ಬರೂ ಒಪ್ಪಲಿಲ್ಲ. ಪೂಜೆಯ ಕೋಣೆಯ ಹೊಸ್ತಿಲು ಮುಟ್ಟಕೂಡದು, ಅಡಿಗೆಮನೆಯೊಳಗೆ ಕಾಲಿಡಕೂಡದು ಎಂದು ಅವ್ವ ಕಟ್ಟಳೆ ಹಾಕಿದರು. ಮಗ ಎಲ್ಲಕ್ಕೂ ಹೂಂಗುಟ್ಟಿ ಅದಕ್ಕೆ ಮೋತಿ ಎಂದು ಹೆಸರಿಟ್ಟ. 2021ರಲ್ಲಿ ಪುಣೆಯಲ್ಲಿ ನೌಕರಿ ದೊರೆತು ಅವನು ಹೊರಟುಹೋದ. ಮೋತಿ ನಮ್ಮ ಪಾಲಿಗೆ ಉಳಿಯಿತು.

ಮುಧೋಳದ ನಾಯಿಯನ್ನು ನಮ್ಮ ಸೀಮೆಯಲ್ಲಿ ಕರವಾನಿ ನಾಯಿ ಎಂದೂ ಕರೆಯುವುದುಂಟು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟೆಲ್ಲ ಕೀರ್ತಿಯುಳ್ಳ ಪ್ರಾಣಿಯನ್ನು ನಾವು ಹಿತ್ತಲ ಬೇವಿನ ಗಿಡಕ್ಕೆ ಸರಪಳಿ ಹಾಕಿ ಕಟ್ಟಿದ್ದೆವು. ಓಡುವುದಕ್ಕೆಂದೇ ಹುಟ್ಟಿದ ನೀಳಗಾಲಿನ ಆ ಜೀವ ದಿನವಿಡೀ ಗಿಡದ ಸುತ್ತ ತಿರುಗಿ ತಿರುಗಿ ನೆಲದಲ್ಲಿ ಒಂದು ಬಳೆಯನ್ನೇ ಕೊರೆದಿತ್ತು. ರಾತ್ರಿ ಊಳಿಡುವುದನ್ನು ಕೇಳಲಾರದೆ ಅವ್ವನೇ ಒಂದು ದಿನ, "ಅದನ್ನ ಒಂದೀಟ ಅಡ್ಯಾಡಿಸಿಕೊಂಡರ ಬರ್ರಿ, ಪಾಪ" ಎಂದರು. ನಮ್ಮ ನಡಿಗೆ ಆರಂಭವಾದದ್ದು ಹೀಗೆ.

ನೇಸರಗಿಯಲ್ಲಿ ನಾಯಿಯನ್ನು ಅಡ್ಡಾಡಿಸಲು ನಗರಗಳಲ್ಲಿರುವಂತೆ ಉದ್ಯಾನವನಗಳಿಲ್ಲ. ಊರ ನಡುವೆ ಹಾಯ್ದು ಹೋಗುವ ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ ಹಗಲಿರುಳೂ ವಾಹನಗಳು. ಕಬ್ಬಿನ ಹಂಗಾಮಿನಲ್ಲಂತೂ ಟ್ರಾಕ್ಟರುಗಳ ಸಾಲು. ಆ ರಸ್ತೆಯ ಅಂಚಿನಲ್ಲಿ ನಾಯಿಯೊಡನೆ ನಡೆಯುವುದು ಕ್ಷೇಮವಲ್ಲವೆಂದು ಮೊದಲ ವಾರದಲ್ಲಿಯೇ ಕಂಡುಕೊಂಡೆವು. ನಮಗೆ ಒದಗಿಬಂದದ್ದು ಹೊಲದ ದಾರಿಗಳು. ಬೆಳಗಿನ ಐದೂವರೆಗೆ ಊರ ಹೊರಗಿನ ಬಂಡಿಯ ಜಾಡಿನಲ್ಲಿ ಹೊರಟರೆ, ಒಂದು ಬದಿಗೆ ಜೋಳ, ಇನ್ನೊಂದು ಬದಿಗೆ ಕಡಲೆ, ಎದುರಿಗೆ ಬೆಳಕು ಹರಿಯುವ ಆಕಾಶ. ರಟ್ಟರ ಕಾಲದ ಶಾಸನವನ್ನುಳಿಸಿಕೊಂಡಿರುವ ಈ ಊರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಊರ ಸುತ್ತಲಿನ ನೆಲವನ್ನು ಕಾಲಿನಿಂದ ಅರಿತದ್ದು ಮೋತಿಯ ದೆಸೆಯಿಂದಲೇ. ಬಂಧುಗಳ ಮನೆಗೆಂದು ಮುನವಳ್ಳಿಗೆ ಹೋದಾಗ ಮಲಪ್ರಭೆಯ ದಂಡೆಯಲ್ಲಿಯೂ ಅದನ್ನು ನಡೆಸಿದ್ದೇವೆ. ಆದರೆ ಜಾತ್ರೆಯ ದಿನಗಳಲ್ಲಿ ಸವದತ್ತಿಯ ಗುಡ್ಡಕ್ಕಾಗಲಿ, ಸೊಗಲದ ಸೋಮೇಶ್ವರನ ಸನ್ನಿಧಿಗಾಗಲಿ, ಕಿತ್ತೂರಿನ ಕೋಟೆಗಾಗಲಿ ಅದನ್ನು ಒಯ್ದವರಲ್ಲ. ಜನಸಂದಣಿ ನಾಯಿಗೂ ಹಿತವಲ್ಲ, ನಾಯಿ ಜನರಿಗೂ ಹಿತವಲ್ಲ.

2022ರ ಫೆಬ್ರುವರಿ ತಿಂಗಳು. ಜೋಳದ ಸುಗ್ಗಿ ಮುಗಿದ ಹೊಲಗಳು ಬಯಲಾಗಿದ್ದವು. ಎಲ್ಲಿ ನೋಡಿದರೂ ಯಾರೂ ಇಲ್ಲವೆಂದು ತಿಳಿದು ಮೋತಿಯ ಹಗ್ಗವನ್ನು ಬಿಚ್ಚಿದೆವು. ಏರಿಯ ಆಚೆ ಕುರಿಗಳ ಹಿಂಡೊಂದು ಇಳಿದಿತ್ತು. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ತಳಿಯಿದು. ನಾವು ಕೂಗುವಷ್ಟರಲ್ಲಿ ಹಿಂಡಿನೊಳಗೆ ನುಗ್ಗಿತ್ತು. ಕುರಿಗಾರನು ಬಡಿಗೆ ಹಿಡಿದು ಓಡಿ ಬಂದು ಬಿಡಿಸುವುದರೊಳಗೆ ಒಂದು ಮರಿಯ ತೊಡೆ ಹರಿದುಹೋಗಿತ್ತು. ಸಂಜೆಗೆ ಅದು ಸತ್ತಿತು.

ನಾವು ತಲೆ ತಗ್ಗಿಸಿ, ನಾಯಿ ಹೀಗೆ ಮಾಡೀತೆಂದು ತಿಳಿದಿರಲಿಲ್ಲ ಎಂದೆವು. ಆ ಹಿರಿಯನು ಸಿಟ್ಟಾಗಲಿಲ್ಲ. "ಮಾಸ್ತರ್ರ, ಅಕ್ಕಾರ, ನಾಯೀದೇನ ತಪ್ಪೈತ್ರಿ? ಓಡೂದು ಕಂಡ್ರ ಬೆನ್ನ ಹತ್ತೂದು ಅದರ ಹುಟ್ಟಗುಣ. ಹಗ್ಗಾ ಬಿಚ್ಚಿದವರ‍್ಯಾರ್ರಿ?" ಎಂದಷ್ಟೇ ಕೇಳಿದ. ಮರಿಯ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಮುಟ್ಟಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಅಂದು ದೊರೆತ ಪಾಠವಿದು.

ಆದರೆ ಆ ಪಾಠ ಕೂಡಲೇ ನಮಗೆ ಹತ್ತಲಿಲ್ಲ. ಊರಲ್ಲಿ ಮಾತು ಹಬ್ಬಿತು. ರಕ್ತದ ರುಚಿ ಕಂಡ ನಾಯಿ, ನಾಳೆ ಕೂಸುಗಳ ಮೇಲೆ ಬೀಳುತ್ತದೆ ಎಂದರು ಕೆಲವರು. ಹಿತೈಷಿಯೊಬ್ಬರು ರಾತ್ರಿ ವಾಹನದಲ್ಲಿ ಹಾಕಿಕೊಂಡು ಯರಗಟ್ಟಿಯ ಆಚೆ ಬಿಟ್ಟು ಬರಲು ಸೂಚಿಸಿದರು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇವೆ: ನಾವು ಹಾಗೆಯೇ ಮಾಡಲು ಹೊರಟೆವು. ಮಗನಿಗೆ ತಿಳಿಸಲಿಲ್ಲ, ಅವ್ವನಿಗೂ ಹೇಳಲಿಲ್ಲ. ಕತ್ತಲಲ್ಲಿ ವಾಹನ ನಿಲ್ಲಿಸಿ ಬಾಗಿಲು ತೆಗೆದಾಗ ಮೋತಿ ಕೆಳಗಿಳಿಯಿತು, ಮೈ ಕೊಡವಿತು, ಗಿಡವೊಂದನ್ನು ಮೂಸಿತು. ಬಳಿಕ ತಿರುಗಿ ಬಂದು ನಮ್ಮಿಬ್ಬರ ಕಾಲ ಬಳಿ ಬಾಲವಾಡಿಸುತ್ತ ನಿಂತಿತು. ತನ್ನನ್ನು ಅಡ್ಡಾಡಿಸಲು ಇಷ್ಟು ದೂರ ಕರೆತಂದಿದ್ದಾರೆಂದು ಅದು ನಂಬಿತ್ತು. ನಮ್ಮಿಬ್ಬರಲ್ಲಿ ಯಾರೂ ಮಾತನಾಡಲಿಲ್ಲ. ಅದೇ ದಾರಿಯಲ್ಲಿ ಸ್ವಲ್ಪ ದೂರ ಅದನ್ನು ನಡೆಸಿ, ಮತ್ತೆ ವಾಹನ ಹತ್ತಿಸಿ ಮನೆಗೆ ಕರೆತಂದೆವು.

ತಪ್ಪು ಅಲ್ಲಿಗೆ ಮುಗಿಯಲಿಲ್ಲ. ಕುರಿಗಳ ಕಣ್ಣಿಗೆ ಬೀಳಬಾರದೆಂದು ನಡಿಗೆಯ ವೇಳೆಯನ್ನು ಬದಲಿಸಿದೆವು. ಹಿಂಡು ಗಿಡದ ನೆರಳು ಸೇರುವ ಹನ್ನೊಂದು ಗಂಟೆಯ ಮೇಲೆ ಹೊರಟರೆ ಯಾರ ತಂಟೆಯೂ ಇಲ್ಲವೆಂಬ ಎಣಿಕೆ ನಮ್ಮದು. ಏಪ್ರಿಲ್ ಬಂದರೂ ಆ ರೂಢಿ ಬಿಡಲಿಲ್ಲ. ಒಂದು ದಿನ ಮರಳಿ ಬರುವಾಗ ಮೋತಿ ತೂರಾಡತೊಡಗಿತು. ನಾಲಿಗೆ ಕಡುಗೆಂಪಾಗಿ ಜೊಲ್ಲು ಸುರಿಯಿತು. ಮನೆಯ ಕಟ್ಟೆಯ ಬಳಿ ಕುಸಿದು ಬಿದ್ದಿತು. ಪಶುವೈದ್ಯರು ಬಂದು ನೋಡಿದಾಗ ಅದರ ಮೈಯ ಶಾಖ 106 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗೆ ಸಹಜವಾದುದು 101ರಿಂದ 102.5 ಡಿಗ್ರಿ. ಅಷ್ಟರೊಳಗೆ ಅವ್ವ ಕೊಡಗಟ್ಟಲೆ ನೀರು ತಂದು ಅದರ ಹೊಟ್ಟೆ, ತೊಡೆಸಂದು, ಪಾದಗಳ ಮೇಲೆ ಸುರಿದು ಮೊರದಿಂದ ಗಾಳಿ ಬೀಸುತ್ತಿದ್ದರು. ಅದೇ ಮೋತಿಯನ್ನು ಉಳಿಸಿತೆಂದು ವೈದ್ಯರು ಹೇಳಿದರು. ಅಡಿಗೆಮನೆಯೊಳಗೆ ನಾಯಿ ಕಾಲಿಡಕೂಡದೆಂದ ಅವ್ವನೇ ಅಂದು ರಾತ್ರಿ ಅದನ್ನು ಅಡಿಗೆಮನೆಯ ತಂಪು ಕಲ್ಲಿನ ಮೇಲೆ ಮಲಗಿಸಿದರು.

ಆ ವೈದ್ಯರು ಅಂದು ಮತ್ತು ಮುಂದೆ ಹೇಳಿಕೊಟ್ಟ ಸಂಗತಿಗಳನ್ನು, ನಾಯಿ ಸಾಕಿರುವ ಕುಟುಂಬಗಳಿಗೆ ಉಪಯುಕ್ತವಾಗಲೆಂದು ಇಲ್ಲಿ ನಿವೇದಿಸುತ್ತೇವೆ.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಹುಮಟ್ಟಿಗೆ ತೇಕುವುದರಿಂದಲೇ ತನ್ನ ಶಾಖವನ್ನು ಹೊರಹಾಕುತ್ತದೆ. ಆದುದರಿಂದ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಇಲ್ಲವೆ ನೆಲ ಆರಿದ ಮೇಲೆ ಮಾತ್ರ ನಡೆಸಬೇಕು. ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಏಳೆಂಟು ಎಣಿಸುವವರೆಗೆ ಇಡಲಾಗದಿದ್ದರೆ ಅದು ನಾಯಿಯ ಪಾದಗಳನ್ನೂ ಸುಡುತ್ತದೆ. ಬಿಸಿಲು ಬಡಿದರೆ ನೆರಳಿಗೆ ಒಯ್ದು ಸಾಮಾನ್ಯ ತಂಪು ನೀರನ್ನು ಮೈಮೇಲೆ ಹಾಕಿ ಗಾಳಿ ಬೀಸಬೇಕು. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಕೂಡದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎದೆ ಆಳವಾಗಿರುವ ಇಂಥ ತಳಿಗಳಿಗೆ ಹೊಟ್ಟೆ ತುಂಬ ಉಣಿಸಿ ಓಡಿಸಿದರೆ ಜಠರ ಉಬ್ಬಿ ತಿರುಚಿಕೊಂಡು ಪ್ರಾಣಕ್ಕೇ ಎರವಾಗುವ ಸಂಭವವುಂಟು. ಆದುದರಿಂದ ಊಟಕ್ಕೂ ನಡಿಗೆಗೂ ನಡುವೆ ಒಂದೆರಡು ತಾಸಿನ ಅಂತರವಿರಲಿ. ನಡಿಗೆ ಮುಗಿದೊಡನೆ ಪಾದಗಳನ್ನು ತೊಳೆದು ಬೆರಳ ಸಂದುಗಳನ್ನು ನೋಡಬೇಕು. ಸುಗ್ಗಿಯ ನಂತರ ಜೋಳದ ಕೂಳೆಯೂ ಜಾಲಿಮುಳ್ಳೂ ಚುಚ್ಚುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ಬೆರಳುಗಳ ನಡುವೆ ಗಟ್ಟಿಯಾಗಿ ಹುಣ್ಣಾಗುತ್ತದೆ.

ಉಣ್ಣಿಗಳನ್ನು ಅಲಕ್ಷಿಸಬಾರದು. ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ, ಬೆರಳ ನಡುವೆ ಅವು ಅಡಗಿರುತ್ತವೆ. ಅವುಗಳಿಂದ ಹರಡುವ ಜ್ವರದಲ್ಲಿ ನಾಯಿ ಅನ್ನ ಬಿಡುತ್ತದೆ, ಒಸಡು ಬಿಳಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಉಣ್ಣಿ ಹೋಗಲೆಂದು ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ನಾಯಿಯ ಮೈಗೆ ಹಚ್ಚುವವರುಂಟು, ಅದು ವಿಷವುಣಿಸಿದಂತೆಯೇ. ಮನುಷ್ಯರ ಜ್ವರದ ಗುಳಿಗೆಗಳನ್ನೂ ಕೊಡಬಾರದು. ಔಷಧ ಸಿಂಪಡಿಸಿದ ಹೊಲದ ಬದುವಿನಲ್ಲಿ ಹುಲ್ಲು ಮೇಯಲು, ನಿಂತ ನೀರು ಕುಡಿಯಲು ಬಿಡದೆ, ಮನೆಯ ನೀರನ್ನೇ ಬಾಟಲಿಯಲ್ಲಿ ಒಯ್ಯುವುದು ಲೇಸು. ಕಬ್ಬಿನ ಗದ್ದೆಯ ಅಂಚಿನಲ್ಲಿ ಹಾವುಗಳ ಭಯವಿರುವುದರಿಂದ ಕತ್ತಲಲ್ಲಿ ಬ್ಯಾಟರಿ ಹಿಡಿದು, ಹಗ್ಗ ಗಿಡ್ಡ ಮಾಡಿ ನಡೆಯಬೇಕು.

ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಆರಂಭಿಸಿ, ವೈದ್ಯರು ಹೇಳಿದ ಸರದಿ ಮುಗಿಯುವವರೆಗೆ ಬೀದಿಯಲ್ಲಿ ಅಡ್ಡಾಡಿಸಕೂಡದು. ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದಂತೆ ಪ್ರತಿವರ್ಷವೂ ತಪ್ಪಿಸದೆ ಮುಂದುವರಿಸಬೇಕು. ಇದು ನಾಯಿಯ ಆರೋಗ್ಯದ ಮಾತಷ್ಟೇ ಅಲ್ಲ, ಓಣಿಯ ಮಕ್ಕಳ ಪ್ರಾಣದ ಮಾತು. ಲೂಯಿ ಪಾಶ್ಚರ್ ಅವರು 1885ರಲ್ಲಿ ಬಾಲಕನೊಬ್ಬನಿಗೆ ಈ ಲಸಿಕೆಯನ್ನು ಮೊದಲು ಪ್ರಯೋಗಿಸಿ ನೂರಕ್ಕೂ ಹೆಚ್ಚು ವರ್ಷಗಳಾದರೂ, ರೋಗದ ಲಕ್ಷಣ ತೋರಿದ ಮೇಲೆ ಬದುಕುವುದು ಇಂದಿಗೂ ಅಸಾಧ್ಯವೆನ್ನುವಷ್ಟು ವಿರಳ. ಯಾವುದೇ ನಾಯಿ ಕಚ್ಚಿದರೂ ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು.

ಇನ್ನೊಂದು ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನೂ ಕ್ರೌರ್ಯವೆಂದೇ ಎಣಿಸುತ್ತದೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದೂ ಅದರಲ್ಲಿ ಅಪರಾಧವೇ. ಈ ಎರಡರಲ್ಲಿ ಒಂದನ್ನು ನಾವು ಮಾಡಿದ್ದೆವು, ಇನ್ನೊಂದರ ಹೊಸ್ತಿಲವರೆಗೆ ಹೋಗಿ ಬಂದಿದ್ದೆವು. ಕಾಯ್ದೆಗಿಂತ ಬಹು ಹಿಂದೆ, ಹತ್ತನೆಯ ಶತಮಾನದಲ್ಲಿ, ಮಂಡ್ಯ ಸೀಮೆಯ ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿಗೆ ಕನ್ನಡಿಗರು ಶಿಲಾಶಾಸನ ನಿಲ್ಲಿಸಿದ್ದರು. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಗಂಗರ ಬೂತುಗನಿಂದ ಬೇಡಿ ಪಡೆದ ನಾಯಿಯದು. ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಆ ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲೆಯಲ್ಲಿ ಇದನ್ನು ಇತಿಹಾಸದ ಪಾಠವೆಂದು ಹೇಳುತ್ತಿದ್ದ ನಮಗೆ ಅದರ ಅರ್ಥ ತಿಳಿಯಲು ಯರಗಟ್ಟಿಯ ದಾರಿಯ ಆ ಕತ್ತಲು ಬೇಕಾಯಿತು.

ಈಗ ನಾವು ಮತ್ತೆ ಬೆಳಗಿನ ಐದೂವರೆಗೇ ಹೊರಡುತ್ತೇವೆ. ಪೂಜೆಯನ್ನು ನಡಿಗೆಯಿಂದ ಮರಳಿ, ಮಿಂದು ಮಾಡುತ್ತೇವೆ. ಹಗ್ಗ ಬಿಚ್ಚುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಆ ಕುರಿಗಾರನ ಹಿಂಡು ಬಂದಾಗ ದೂರದಿಂದಲೇ ಕೂಗಿ ತಿಳಿಸುತ್ತಾನೆ, ನಾವು ಬೇರೆ ಜಾಡು ಹಿಡಿಯುತ್ತೇವೆ. ಕಳೆದ ಸಲ ಅವನು ಹಿಂಡನ್ನು ಮಗನಿಗೆ ಒಪ್ಪಿಸಿ ನಮ್ಮ ಬಳಿ ಬಂದ. ಮೋತಿಯ ಪಾದವನ್ನೆತ್ತಿ ನೋಡಿ, ಬೆರಳ ಸಂದಿನಿಂದ ಒಂದು ಮುಳ್ಳನ್ನು ತೆಗೆದ. "ಚಲೋ ಇಟ್ಟೀರಿ, ಮಾಸ್ತರ್ರ" ಎಂದು ಹೇಳಿ ಕುರಿಗಳ ಕಡೆಗೆ ನಡೆದ. ಮೋತಿ ಅವನು ಹೋದತ್ತಲೇ ಕಿವಿ ನಿಮಿರಿಸಿ ನೋಡುತ್ತಿತ್ತು. ನಾವು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆವು.